ಓದುಗರ ಪ್ರಶ್ನೆ: ಆ ಹುಡುಗಿಯ ಹೆಸರೇನು?

ಮನೆತನದ ಕಥೆ ಬರೆದಿಡಿ ಅಂತ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಓದುತ್ತಾ ಹೋದರೆ ಎಲ್ಲೋ ಒಂದು ಕಡೆ ಅದೇ ಹುಡುಗಿ ಸಿಗುತ್ತಾಳೆ. ಏಳಕ್ಕೋ ಎಂಟಕ್ಕೋ ಮದುವೆ, ಹನ್ನೆರಡಕ್ಕೆ ಗಂಡನ ಮನೆ, ಆಮೇಲೆ ಗಂಡ ಹೋದ, ಇಲ್ಲಾ ಮಗು ಹೋಯ್ತು, ಇಲ್ಲಾ ಅವಳೇ ಹೋದಳು. ಊರು ಬೇರೆ, ಜಾತಿ ಬೇರೆ, ಆದರೆ ಅವಳ ಹೆಸರು ಮಾತ್ರ ತುಂಬಾ ಪತ್ರಗಳಲ್ಲಿ ಇಲ್ಲ. ಹಾಗಾಗಿ ಈ ಸಲ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗುವಂಥ ವಿವರ ತೆಗೆದಿದ್ದೇನೆ.

ಪ್ರಶ್ನೆ: ಅಕ್ಕ, ನನ್ನ ಅಮ್ಮನ ಅಜ್ಜಿಗೆ ಎಂಟು ವರ್ಷಕ್ಕೇ ಮದುವೆ ಆಯ್ತಂತೆ. ಹಳೇ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ‘ಆನಂದ ಸಂ. ಶ್ರಾವಣ, ಜನನ’ ಅಂತ, ಅದರ ಕೆಳಗೆ ‘ದುಂದುಭಿ ಸಂ. ವೈಶಾಖ, ವಿವಾಹ’ ಅಂತ ಬರೆದಿದೆ. ಇದು ಯಾವ ಇಸವಿ? ಇನ್ನೊಂದು ವಿಷಯ. ಇದನ್ನೆಲ್ಲ ಮನೆಯಲ್ಲಿ ಮಾತಾಡುವಾಗ ನನ್ನ ಒಂಬತ್ತು ವರ್ಷದ ಮಗಳು ‘ಆ ಪಾಪು ಅಳಲಿಲ್ವಾ?’ ಅಂತ ಕೇಳಿದಳು. ಏನು ಹೇಳಬೇಕೋ ಗೊತ್ತಾಗಲಿಲ್ಲ.
(ಮೈಸೂರಿನ ಓದುಗರು)

ಮೊದಲು ಲೆಕ್ಕ ನೋಡೋಣ. ಸಂವತ್ಸರಗಳು ಅರವತ್ತು, ಅರವತ್ತು ವರ್ಷಕ್ಕೆ ಮತ್ತೆ ಮೊದಲಿನಿಂದ ಶುರು. ಮೊದಲನೆಯದಾದ ಪ್ರಭವ ಬಂದದ್ದು 1867ರ, 1927ರ, 1987ರ ಯುಗಾದಿಗೆ. ಇಷ್ಟು ನೆನಪಿದ್ದರೆ ಉಳಿದದ್ದನ್ನು ಬೆರಳಲ್ಲೇ ಎಣಿಸಬಹುದು. ಆನಂದ 48ನೆಯದು, ಅಂದರೆ 1914ರ ಯುಗಾದಿಯಿಂದ 1915ರ ಯುಗಾದಿವರೆಗೆ. ದುಂದುಭಿ 56ನೆಯದು, 1922ರ ಯುಗಾದಿಗೆ ಶುರುವಾದದ್ದು. ಹಾಗಾದರೆ ನಿಮ್ಮ ಮುತ್ತಜ್ಜಿ ಹುಟ್ಟಿದ್ದು 1914ರ ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ, ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾದ ಅದೇ ದಿನಗಳಲ್ಲಿ. ಮದುವೆ 1922ರ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ.

ಈಗ ವಯಸ್ಸು ಕಳೆದು ನೋಡಿ. ಎಂಟು ತುಂಬಿಲ್ಲ. ಏಳು ವರ್ಷ ಒಂಬತ್ತು ತಿಂಗಳು.

ಮನೆಯವರು ಸುಳ್ಳು ಹೇಳಿದರು ಅಂತಲ್ಲ. ಹಳಬರು ನಡೆಯುತ್ತಿರುವ ವರ್ಷವನ್ನೇ ಎಣಿಸುತ್ತಿದ್ದರು, ಎಂಟನೇ ವರ್ಷ ನಡೀತಿದೆ ಅಂದರೆ ಎಂಟು ಅಂತಲೇ ಲೆಕ್ಕ. ಅದೂ ಅಲ್ಲದೆ ಎಂಟು ವರ್ಷದವಳು ಗೌರಿ, ಒಂಬತ್ತರವಳು ರೋಹಿಣಿ, ಹತ್ತರವಳು ಕನ್ಯೆ ಅನ್ನುವ ಶ್ಲೋಕ ಎಲ್ಲರ ಬಾಯಲ್ಲೂ ಇತ್ತು. ಗೌರಿಯನ್ನು ಧಾರೆ ಎರೆದು ಕೊಟ್ಟರೆ ಪುಣ್ಯ ಜಾಸ್ತಿ ಅಂತ ನಂಬಿಕೆ, ಅದಕ್ಕೇ ಅಷ್ಟು ಆತುರ. ಆದರೆ ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಒಂದು ಕಾನೂನು ಬಂದಿತ್ತು. ಎಂಟು ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವಂತಿಲ್ಲ, ಐವತ್ತು ದಾಟಿದ ಗಂಡಸು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆಯಾಗುವಂತಿಲ್ಲ ಅಂತ. ಆ ಎರಡನೇ ಮಾತನ್ನು ಕಾನೂನಿನಲ್ಲಿ ಬರೆಯಬೇಕಾಗಿ ಬಂತು ಅಂದರೆ ಅಂಥ ಮದುವೆ ಎಷ್ಟು ನಡೀತಿದ್ದಿರಬೇಕು, ಯೋಚನೆ ಮಾಡಿ. ನಿಮ್ಮ ಮುತ್ತಜ್ಜಿಯ ಮದುವೆ ಮೈಸೂರು ಸೀಮೆಯಲ್ಲೇ ನಡೆದಿದ್ದರೆ, ಆ ಹಾಳೆಯ ಲೆಕ್ಕದ ಪ್ರಕಾರ ಅದು ಆವತ್ತಿನ ಕಾನೂನಿಗೂ ಮೂರು ತಿಂಗಳು ಮುಂಚೆಯೇ ಆದ ಮದುವೆ.

ಮಗಳ ಪ್ರಶ್ನೆಗೆ ಬರ್ತೀನಿ. ಮದುವೆ ದಿನ ಅವಳು ಬಹುಶಃ ಅಳಲಿಲ್ಲ. ನಾಲ್ಕೈದು ದಿನದ ಮದುವೆ, ಮನೆ ತುಂಬಾ ಮಕ್ಕಳು, ಹೊಸ ಸೀರೆ, ಹೂವಿನ ಜಡೆ, ಉರುಟಣೆಯಲ್ಲಿ ಹೂಚೆಂಡಾಟ. ಅವಳಿಗೆ ಅದು ಹಬ್ಬ. ಮುಹೂರ್ತ ರಾತ್ರಿಯಿದ್ದರೆ ಅಪ್ಪನ ತೊಡೆ ಮೇಲೆ ಕೂತು ನಿದ್ದೆಗಣ್ಣಲ್ಲೇ ಧಾರೆ ಮುಗಿದಿರುತ್ತೆ. ಮದುವೆಯಾದ ಕೂಡಲೇ ಗಂಡನ ಮನೆಗೆ ಕಳಿಸುವುದು ಸಾಮಾನ್ಯವಾಗಿ ಇರಲಿಲ್ಲ, ಹಬ್ಬ ಹುಣ್ಣಿಮೆಗೆ ಕರೆಸಿಕೊಂಡು ಕಳಿಸುತ್ತಿದ್ದರು. ಮೈನೆರೆದ ಮೇಲೆ ಪ್ರಸ್ಥ, ಆಮೇಲೆ ಕಾಯಂ ಆಗಿ ಹೋಗುವುದು. ಅಳು ಬಂದಿದ್ದರೆ ಆ ದಿನ ಬಂದಿರಬೇಕು. ಮಗಳಿಗೆ ಹೀಗೇ ಹೇಳಿ: ಮದುವೆ ದಿನ ಅವಳಿಗೆ ಏನೂ ಅರ್ಥ ಆಗಿರಲ್ಲ ಪುಟ್ಟ, ಅಮ್ಮನ್ನ ಬಿಟ್ಟು ಹೋಗುವ ದಿನ ಖಂಡಿತ ಅತ್ತಿರ್ತಾಳೆ. ಒಂಬತ್ತು ವರ್ಷದ ಮಗುವಿಗೆ ಇದು ಅರ್ಥವಾಗುತ್ತೆ. ನಮಗಿಂತ ಚೆನ್ನಾಗಿಯೇ ಅರ್ಥವಾಗುತ್ತೆ.

ಪ್ರಶ್ನೆ: ನಾನು ಮನೆತನದ ಚರಿತ್ರೆ ಬರೆಯುತ್ತಿದ್ದೇನೆ. ಬಾಲ್ಯವಿವಾಹದ ವಿಷಯ ಬಂದಾಗಲೆಲ್ಲ ದೊಡ್ಡಪ್ಪ ‘ಆ ಕಾಲವೇ ಹಾಗಿತ್ತು, ಈಗ ಕೂತು ತಪ್ಪು ಹುಡುಕಬೇಡ’ ಅನ್ನುತ್ತಾರೆ. ಹಿರಿಯರ ಮೇಲೆ ತೀರ್ಪು ಕೊಡುವುದು ತಪ್ಪಾ?
(ಶಿವಮೊಗ್ಗದ ಓದುಗರು)

ದೊಡ್ಡಪ್ಪನವರಿಗೆ ನಮಸ್ಕಾರ ಹೇಳಿ, ಆದರೆ ಅವರ ಮಾತಿನಲ್ಲಿ ಅರ್ಧ ಮಾತ್ರ ನಿಜ. ಆ ಕಾಲದಲ್ಲೇ, ಅದೇ ಸಮಾಜದೊಳಗೇ ಬೇಡ ಅಂದವರು ಇದ್ದರು.

ಮುಂಬಯಿಯ ರುಖ್ಮಾಬಾಯಿಯನ್ನು ತೆಗೆದುಕೊಳ್ಳಿ. ಹನ್ನೊಂದು ವರ್ಷಕ್ಕೆ ಮದುವೆಯಾಗಿತ್ತು, ತವರಲ್ಲೇ ಬೆಳೆದಳು, ಓದಿದಳು, ದೊಡ್ಡವಳಾದ ಮೇಲೆ ಗಂಡನ ಜೊತೆ ಹೋಗಲ್ಲ ಅಂದಳು. ಗಂಡ 1884ರಲ್ಲಿ ಕೋರ್ಟಿಗೆ ಹೋದ. ಮೊದಲ ತೀರ್ಪು ಅವಳ ಪರ ಬಂತು. 1887ರಲ್ಲಿ ಅದು ತಿರುಗಿಬಿತ್ತು, ಗಂಡನ ಮನೆಗೆ ಹೋಗು ಇಲ್ಲಾ ಆರು ತಿಂಗಳು ಜೈಲು ಅಂತ. ಅವಳು ಜೈಲೇ ಆಗಲಿ ಅಂದಳು. ಕೊನೆಗೆ ದುಡ್ಡು ಕೊಟ್ಟು ರಾಜಿಯಾಯ್ತು. ಅವಳು ಲಂಡನ್ನಿಗೆ ಹೋಗಿ ಡಾಕ್ಟರಾಗಿ ಬಂದು ಸೂರತ್ತಿನಲ್ಲಿ ವರ್ಷಗಟ್ಟಲೆ ಹೆಂಗಸರಿಗೆ ಚಿಕಿತ್ಸೆ ಮಾಡಿದಳು.

ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯ ಮನೆಯ ಕಥೆ ಇನ್ನೂ ವಿಶೇಷ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಎರಡನೇ ಮದುವೆಯಾದಾಗ ಹುಡುಗಿಗೆ ಒಂಬತ್ತು ವರ್ಷ. ಅದೇ ಮನುಷ್ಯ ಆ ಹೆಂಡತಿಗೆ ಸಂಸ್ಕೃತ ಕಲಿಸಿದರು, ಅದಕ್ಕಾಗಿ ಜನರ ವಿರೋಧ ಕಟ್ಟಿಕೊಂಡರು. ದೊಡ್ಡ ಮಗಳಿಗೆ ಚಿಕ್ಕಂದಿನಲ್ಲೇ ಮದುವೆ ಮಾಡಿ, ಅದು ಕೆಟ್ಟದ್ದನ್ನು ಕಣ್ಣಾರೆ ನೋಡಿದ ಮೇಲೆ ರಮಾಬಾಯಿಗೆ ಬಾಲ್ಯದಲ್ಲಿ ಮದುವೆ ಮಾಡಲೇ ಇಲ್ಲ. ಒಬ್ಬನೇ ಅಪ್ಪ, ಒಂದೇ ಮನೆ. ಮುಂದೆ ರಮಾಬಾಯಿ ವಿಧವೆಯರಿಗಾಗಿ ತೆರೆದ ಶಾಲೆಯಲ್ಲಿ ಓದಿದ ಗೋದೂಬಾಯಿಯನ್ನು 1893ರಲ್ಲಿ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆ ಮದುವೆಯಾದರು. ಗೋದೂಬಾಯಿ ವಿಧವೆಯಾದಾಗ ಎಂಟು ವರ್ಷ. ಕರ್ವೆ ಈ ಮದುವೆಗಾಗಿ ಊರಿನವರಿಂದ ಬಹಿಷ್ಕಾರ ಅನುಭವಿಸಿದರು.

ಹಾಗಾಗಿ ತೀರ್ಪು ಕೊಡಲು ಇವತ್ತಿನಿಂದ ಅಳತೆಗೋಲು ತರಬೇಕಿಲ್ಲ, ಅದು ಆವತ್ತೇ ಇತ್ತು. ನಿಮ್ಮ ಮುತ್ತಜ್ಜ ಕೆಟ್ಟವರಾಗಿದ್ದರು ಅಂತ ಬರೆಯಬೇಕಾಗಿಲ್ಲ. ಮಗಳನ್ನು ಪ್ರೀತಿಸಿದ್ದರು ಅಂತಲೂ ಬರೆಯಿರಿ, ಚಿಕ್ಕಂದಿನಲ್ಲೇ ಮದುವೆ ಮಾಡಿ ಕೊಟ್ಟರು ಅಂತಲೂ ಬರೆಯಿರಿ. ಎರಡೂ ನಿಜ. ಒಂದನ್ನು ಮುಚ್ಚಲು ಇನ್ನೊಂದನ್ನು ಬಳಸಬೇಡಿ, ಅಷ್ಟೇ. ಮತ್ತೆ ಆ ಹುಡುಗನನ್ನೂ ಮರೀಬೇಡಿ. ಆ ಎಳೆ ಮದುಮಗನನ್ನೂ ಯಾರೂ ಕೇಳಿರಲಿಲ್ಲ.

ಪ್ರಶ್ನೆ: ನಮ್ಮ ಅಜ್ಜಿ ಮತ್ತು ಅವರ ಇಬ್ಬರು ತಂಗಿಯರ ಮದುವೆ ಒಂದೇ ಚಪ್ಪರದಲ್ಲಿ 1930ರ ಶುರುವಿನಲ್ಲಿ ಆಯ್ತಂತೆ. ಸಣ್ಣ ತಂಗಿಗೆ ಆಗ ನಾಲ್ಕು ವರ್ಷ. ಯಾಕಿಷ್ಟು ಅವಸರ ಅಂತ ಯಾರಿಗೂ ಗೊತ್ತಿಲ್ಲ. ಬಡತನ ಇತ್ತಾ?
(ಧಾರವಾಡದ ಓದುಗರು)

ಬಡತನವೂ ಇರಬಹುದು, ಖರ್ಚು ಉಳಿಸಲು ಒಂದೇ ಚಪ್ಪರದಲ್ಲಿ ಮುಗಿಸುವುದು ಇತ್ತು. ಆದರೆ ಆ ಇಸವಿ ಬೇರೆಯೇ ಕಾರಣ ಹೇಳುತ್ತೆ. ಹರಬಿಲಾಸ ಸಾರ್ದಾ ತಂದ ಬಾಲ್ಯವಿವಾಹ ತಡೆ ಕಾನೂನು 1929ರಲ್ಲಿ ಪಾಸಾಯಿತು, ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಆಗಿರಬೇಕು ಅಂತ. ನಿಮ್ಮ ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು, ಅಂದರೆ ಬ್ರಿಟಿಷರ ಆಡಳಿತ, ಆ ಕಾನೂನು ನೇರವಾಗಿ ತಾಗಿತು. ಪಾಸಾದದ್ದಕ್ಕೂ ಜಾರಿಯಾದದ್ದಕ್ಕೂ ನಡುವೆ ಸಿಕ್ಕ ಆರು ತಿಂಗಳಲ್ಲಿ ದೇಶದ ತುಂಬಾ ಜನ ಇದ್ದಬದ್ದ ಹೆಣ್ಣುಮಕ್ಕಳಿಗೆಲ್ಲ ಅವಸರದಲ್ಲಿ ತಾಳಿ ಕಟ್ಟಿಸಿದರು. ಎಷ್ಟೆಂದರೆ 1931ರ ಜನಗಣತಿಯಲ್ಲಿ ಮದುವೆಯಾದ ಪುಟ್ಟ ಮಕ್ಕಳ ಸಂಖ್ಯೆ ಹಿಂದಿನ ಗಣತಿಗಿಂತ ಏರಿಬಿಟ್ಟಿತು. ತಡೆಯಲು ತಂದ ಕಾನೂನಿನ ಹೆದರಿಕೆಯಿಂದಲೇ ನಿಮ್ಮ ಸಣ್ಣಜ್ಜಿಗೆ ನಾಲ್ಕು ವರ್ಷಕ್ಕೆ ಮದುವೆಯಾಗಿರಬೇಕು. ಆ ಮದುವೆಯ ತಾರೀಕು ಎಲ್ಲಾದರೂ ಸಿಕ್ಕರೆ ನೋಡಿ, ಮಾರ್ಚ್ ಒಳಗೇ ಇದ್ದರೆ ನನ್ನ ಊಹೆ ಸರಿ.

ಪ್ರಶ್ನೆ: ನಮ್ಮ ಮುತ್ತಜ್ಜನಿಗೆ ಒಬ್ಬಳು ತಂಗಿ. ಹನ್ನೊಂದು ವರ್ಷಕ್ಕೆ ವಿಧವೆಯಾಗಿ ತವರಿಗೆ ಬಂದವರು ಎಪ್ಪತ್ತು ದಾಟುವವರೆಗೂ ಅದೇ ಮನೆಯಲ್ಲಿದ್ದರು. ಮೂರು ತಲೆಮಾರಿನ ಬಾಣಂತನ ಮಾಡಿದ್ದು ಅವರೇ. ಎಲ್ಲರೂ ‘ಮಡಿ ಅತ್ತೆ’ ಅಂತಲೇ ಕರೆಯುತ್ತಿದ್ದರು. ಈಗ ವಂಶವೃಕ್ಷ ಬರೆಯಲು ಕೂತರೆ ಅವರ ನಿಜವಾದ ಹೆಸರು ಒಬ್ಬರಿಗೂ ಗೊತ್ತಿಲ್ಲ. ಮನೆಯ ಒಂದು ಫೋಟೋದಲ್ಲೂ ಅವರಿಲ್ಲ. ಹೆಸರು ಹುಡುಕುವ ದಾರಿ ಇದೆಯೇ?
(ಸಾಗರದ ಓದುಗರು)

ಈ ಪತ್ರ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅರವತ್ತು ವರ್ಷ ಒಂದು ಮನೆಯ ಅಡುಗೆ, ಬಾಣಂತನ, ಮಕ್ಕಳ ಜ್ವರ, ಹಪ್ಪಳ ಸಂಡಿಗೆ ಎಲ್ಲಾ ಅವರ ಕೈಯಲ್ಲಿ. ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ.

ದಾರಿ ಇದೆ. ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ, ಅವರಿಗೆ ಎರಡು ಹೆಸರು ಇದ್ದಿರಬಹುದು. ಮದುವೆಯಲ್ಲಿ ಅಕ್ಕಿ ಮೇಲೆ ಉಂಗುರದಿಂದ ಬರೆದು ಹುಡುಗಿಗೆ ಹೊಸ ಹೆಸರಿಡುವ ಪದ್ಧತಿ ಕೆಲವು ಮನೆಗಳಲ್ಲಿತ್ತು. ತವರಿನ ದಾಖಲೆಯಲ್ಲಿ ಒಂದು, ಗಂಡನ ಮನೆಯ ದಾಖಲೆಯಲ್ಲಿ ಇನ್ನೊಂದು ಸಿಕ್ಕರೆ ಬೇರೆ ಯಾರೋ ಅಂತ ಬಿಟ್ಟುಬಿಡಬೇಡಿ.

ನಾನಾಗಿದ್ದರೆ ಮೊದಲು ಪುರೋಹಿತರ ಮನೆಗೆ ಹೋಗುತ್ತಿದ್ದೆ. ಪಕ್ಷಮಾಸದಲ್ಲಿ ತರ್ಪಣ ಬಿಡುವಾಗ ಅಪ್ಪ ಅಮ್ಮ ಅಜ್ಜ ಅಜ್ಜಿಗೆ ಮಾತ್ರ ಬಿಡುವುದಿಲ್ಲ, ಚಿಕ್ಕಪ್ಪ, ಸೋದರತ್ತೆ, ಅಕ್ಕತಂಗಿ, ಮಾವ, ಗುರು ಹೀಗೆ ಎಲ್ಲರ ಹೆಸರು ಗೋತ್ರ ಹೇಳಿ ಎಳ್ಳುನೀರು ಬಿಡುತ್ತಾರೆ. ಅದಕ್ಕೆ ಮನೆಯಲ್ಲಿ ಒಂದು ಪಟ್ಟಿ ಇರುತ್ತೆ, ಪುರೋಹಿತರ ಹತ್ತಿರವೂ ಇರಬಹುದು. ನಿಮ್ಮ ಅಜ್ಜ ತಮ್ಮ ಸೋದರತ್ತೆಯ ಹೆಸರನ್ನು ಜೀವನದಲ್ಲಿ ಬೇರೆಲ್ಲೂ ಹೇಳದೇ ಇದ್ದರೂ ವರ್ಷಕ್ಕೊಮ್ಮೆ ಅಲ್ಲಿ ಹೇಳಿರುತ್ತಾರೆ. ಆ ಪಟ್ಟಿಯಲ್ಲಿ ಅವರ ಗೋತ್ರ ನಿಮ್ಮದಲ್ಲ, ಗಂಡನದು ಇರುತ್ತೆ. ಹೆಸರಿನ ಜೊತೆಗೆ ಯಾವ ಮನೆಗೆ ಕೊಟ್ಟಿದ್ದರು ಅನ್ನುವ ಸುಳಿವೂ ಸಿಕ್ಕಿತು ಅಂತಾಯ್ತು. ಮನೆಯಲ್ಲಿ ಯಾರಾದರೂ ಗಯಾಕ್ಕೆ ಹೋಗಿ ಪಿಂಡ ಹಾಕಿದ್ದರೆ ಅಲ್ಲಿನ ಪಂಡರ, ಅಂದರೆ ಕ್ಷೇತ್ರದ ಪುರೋಹಿತರ, ದಾಖಲೆ ಪುಸ್ತಕದಲ್ಲೂ ಹುಡುಕಿಸಬಹುದು.

ಆಮೇಲೆ ಪಾಲುಪಟ್ಟಿ. ಅಣ್ಣತಮ್ಮಂದಿರು ಪಾಲಾಗುವಾಗ ಮನೆಯಲ್ಲಿರುವ ವಿಧವೆಯ ಅನ್ನ ಬಟ್ಟೆ ಯಾರ ಜವಾಬ್ದಾರಿ, ವರ್ಷಕ್ಕೆ ಎಷ್ಟು ಭತ್ತ ಕೊಡಬೇಕು ಅಂತ ಬರೆಯುವುದಿತ್ತು, ಅಲ್ಲಿ ‘ಮಡಿ ಅತ್ತೆ’ ಅಂತ ಬರೆದರೆ ನಡೆಯಲ್ಲ, ಹೆಸರೇ ಬೇಕು. ಗಂಡನ ಮನೆಯ ಕಡೆಯಿಂದ ಜೀವನಾಂಶಕ್ಕೆ ಏನಾದರೂ ಪತ್ರ ಆಗಿದ್ದರೂ ಅಷ್ಟೇ. ಮೈಸೂರಿನಲ್ಲಿ ಹಿಂದೂ ಹೆಂಗಸರ ಆಸ್ತಿ ಹಕ್ಕಿನ ಕಾನೂನು 1933ರಲ್ಲೇ ಬಂತು, ಬ್ರಿಟಿಷ್ ಪ್ರಾಂತಗಳಿಗಿಂತ ನಾಲ್ಕು ವರ್ಷ ಮುಂಚೆ. ಹಾಗಾಗಿ ಅದರ ನಂತರದ ಪತ್ರಗಳನ್ನು ಮೊದಲು ನೋಡಿ. ರಿಜಿಸ್ಟರ್ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಕಲಿಗೆ ಅರ್ಜಿ ಹಾಕಬಹುದು.

ಹೆಸರು ಕಳೆದುಹೋಗಿದ್ದು ನಿಮ್ಮ ಮನೆಯಲ್ಲಿ ಮಾತ್ರ ಅಂತ ಅಂದುಕೊಳ್ಳಬೇಡಿ. 1951-52ರ ಮೊದಲ ಚುನಾವಣೆಯ ಹೊತ್ತಿಗೆ ಸುಮಾರು 28 ಲಕ್ಷ ಹೆಂಗಸರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆಯಬೇಕಾಯ್ತು. ಇಂಥವರ ಹೆಂಡತಿ, ಇಂಥವರ ಅಮ್ಮ ಅಂತ ಬರೆಸಿದ್ದರೇ ಹೊರತು ಸ್ವಂತ ಹೆಸರು ಹೇಳಿರಲಿಲ್ಲ. ಅವರಲ್ಲಿ ಹೆಚ್ಚಿನವರು ಉತ್ತರ ಭಾರತದವರು, ಆದರೆ ಮನಸ್ಸು ಎಲ್ಲಾ ಕಡೆ ಒಂದೇ ಇತ್ತು ಅಲ್ವಾ.

ಇದೇ ಕಾಲದ ಇನ್ನೊಬ್ಬ ಹುಡುಗಿಯ ಹೆಸರು ಉಳಿದಿದೆ. ನಂಜನಗೂಡಿನಲ್ಲಿ 1887ರಲ್ಲಿ ಹುಟ್ಟಿದ ತಿರುಮಲಾಂಬ. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ತಂದೆ ಓದಲು ಪುಸ್ತಕ ಕೊಟ್ಟರು. ಮುಂದೆ ಆಕೆ ತಾವೇ ಕಾದಂಬರಿ ಬರೆದು, ತಾವೇ ಪ್ರಕಟಿಸಿ, ಪತ್ರಿಕೆ ನಡೆಸಿ, 1982ರವರೆಗೆ ಬದುಕಿದರು. ನಿಮ್ಮ ಮಡಿ ಅತ್ತೆಗೂ ಅವರಿಗೂ ಬುದ್ಧಿಯಲ್ಲಿ ವ್ಯತ್ಯಾಸ ಇತ್ತು ಅಂತ ನನಗನಿಸಲ್ಲ. ಮೂರು ತಲೆಮಾರಿನ ಬಾಣಂತನ ಮಾಡಿ ಎಲ್ಲರನ್ನೂ ಉಳಿಸಿದವರಿಗೆ ಬುದ್ಧಿ ಕಡಿಮೆ ಇರುತ್ತಾ? ಅವರ ಕೈಗೆ ಯಾರೂ ಪುಸ್ತಕ ಕೊಡಲಿಲ್ಲ.

ಎಲ್ಲಾ ಹುಡುಕಿಯೂ ಹೆಸರು ಸಿಗದಿದ್ದರೆ ವಂಶವೃಕ್ಷದಲ್ಲಿ ಅಣ್ಣನ ಪಕ್ಕದಲ್ಲಿ ಅವರಿಗೊಂದು ಮನೆ ಬರೆಯಿರಿ, ಹೆಸರಿನ ಜಾಗ ಖಾಲಿ ಬಿಡಿ, ಕೆಳಗೆ ಅವರು ಎತ್ತಿ ಆಡಿಸಿದ ಮಕ್ಕಳ ಹೆಸರು ಬರೆಯಿರಿ. ಹೆತ್ತವರಿಗೆ ಮಾತ್ರ ಗೆರೆ ಎಳೆಯಬೇಕು ಅಂತ ಯಾರು ಹೇಳಿದ್ದು?

ಪ್ರಶ್ನೆ: ನಮ್ಮದು ಒಕ್ಕಲುತನದ ಮನೆ. ನಮ್ಮಲ್ಲಿ ವಿಧವೆಯರಿಗೆ ಕೂಡಿಕೆ ಮಾಡುತ್ತಿದ್ದರು, ತಲೆ ಬೋಳಿಸುವುದೆಲ್ಲ ಇರಲಿಲ್ಲ. ನಮ್ಮ ಮುತ್ತಜ್ಜಿಯೂ ಕೂಡಿಕೆಯಾಗಿ ಬಂದವರು. ಇದನ್ನು ಬರೆದರೆ ಮರ್ಯಾದೆ ಹೋಗುತ್ತೆ ಅಂತ ಮಾವಂದಿರು ಸಿಟ್ಟಾಗಿದ್ದಾರೆ.
(ತುಮಕೂರು ಕಡೆಯ ಓದುಗರು)

ಬರೆಯಿರಿ. ಇದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ. ವಿಧವೆಯರ ಮರುಮದುವೆಗೆ 1856ರಲ್ಲಿ ಕಾನೂನು ಬಂತು ಅಂತ ಶಾಲೆಯಲ್ಲಿ ಓದ್ತೀವಿ, ಆದರೆ ನಿಮ್ಮಂಥ ಎಷ್ಟೋ ಸಮುದಾಯಗಳಲ್ಲಿ ಕೂಡಿಕೆ, ಉಡಿಕೆ, ಸೀರುಡಿಕೆ ಅನ್ನುವ ಹೆಸರಿನಲ್ಲಿ ಅದು ಮೊದಲಿನಿಂದಲೂ ನಡೆದುಕೊಂಡು ಬಂದಿತ್ತು. ಮೇಲೆ ಹೇಳಿದ ರುಖ್ಮಾಬಾಯಿಯ ತಾಯಿಯೂ ಹದಿನೇಳಕ್ಕೆ ವಿಧವೆಯಾಗಿ, ತಮ್ಮ ಜಾತಿಯಲ್ಲಿ ಪದ್ಧತಿ ಇದ್ದದ್ದರಿಂದ ಮತ್ತೆ ಮದುವೆಯಾದವರು. ಆ ಎರಡನೇ ಗಂಡ ಡಾಕ್ಟರು, ಮಲಮಗಳ ಓದಿಗೂ ಹೋರಾಟಕ್ಕೂ ಬೆನ್ನಿಗೆ ನಿಂತವರು.

ಹಾಗಂತ ಎಲ್ಲಾ ಸುಖವಾಗಿತ್ತು ಅಂತ ಬರೆದುಬಿಡಬೇಡಿ. ಕೂಡಿಕೆಗೆ ಓಲಗ ಇಲ್ಲ, ಚಪ್ಪರ ಇಲ್ಲ, ಎಷ್ಟೋ ಕಡೆ ಕತ್ತಲಾದ ಮೇಲೆ ನಡೆಸುತ್ತಿದ್ದರು. ಮುತ್ತೈದೆಯರು ಹತ್ತಿರ ಬರುತ್ತಿರಲಿಲ್ಲ. ಕೂಡಿಕೆಯಾದವಳನ್ನು ಶುಭಕಾರ್ಯದಲ್ಲಿ ಮುಂದೆ ನಿಲ್ಲಿಸುತ್ತಿರಲಿಲ್ಲ, ‘ಕೂಡಿಕೆ ಸಾಲಿನವರು’ ಅಂತ ಮಕ್ಕಳನ್ನೂ ಬೇರೆಯಾಗಿ ನೋಡುತ್ತಿದ್ದರು. ಮಾವಂದಿರ ಸಿಟ್ಟಿನ ಬೇರು ಅಲ್ಲೇ ಇರಬೇಕು, ಯಾವಾಗಲೋ ಯಾರೋ ಆಡಿದ ಮಾತು ಇನ್ನೂ ಚುಚ್ಚುತ್ತಿರಬಹುದು. ಅವರ ಜೊತೆ ಜಗಳ ಬೇಡ, ಕೂತು ಮಾತಾಡಿ.

ಮಾತಾಡುವಾಗ ಒಂದು ವಿಷಯ ಮೆಲ್ಲಗೆ ಕೇಳಿ. ಮುತ್ತಜ್ಜಿಗೆ ಮೊದಲ ಗಂಡನಿಂದ ಮಗು ಇತ್ತಾ? ಕೂಡಿಕೆಯಾಗಿ ಹೋಗುವವಳು ಮೊದಲ ಗಂಡನ ಆಸ್ತಿ ಬಿಡಬೇಕಿತ್ತು, 1856ರ ಕಾನೂನೂ ಅದನ್ನೇ ಹೇಳಿತು. ಆಸ್ತಿಯ ಜೊತೆ ಮಗುವನ್ನೂ ಆ ಮನೆಯಲ್ಲೇ ಬಿಟ್ಟು ಬರಬೇಕಾದವರು ತುಂಬಾ ಜನ. ಹಾಗೇನಾದರೂ ಇದ್ದರೆ ನಿಮಗೆ ಗೊತ್ತಿಲ್ಲದ ಒಂದು ಇಡೀ ಬಳಗ ಪಕ್ಕದ ಹೋಬಳಿಯಲ್ಲೇ ಇರಬಹುದು.

ಪ್ರಶ್ನೆ: ತಾತನ ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡರಂತೆ, ಹದಿನೈದು ವರ್ಷ. 1918ರ ಸುಮಾರು. ಆಮೇಲೆ ಬಂದವರು ನಮ್ಮ ಅಜ್ಜಿ. ಆ ಮೊದಲನೆಯವರು ನನಗೆ ಏನಾಗಬೇಕು?
(ಹಾಸನದ ಓದುಗರು)

ಅಜ್ಜಿಯೇ ಆಗಬೇಕು. ದೊಡ್ಡಜ್ಜಿ ಅಂತ ಕರೆಯಿರಿ, ಹದಿನೈದು ವರ್ಷದ ದೊಡ್ಡಜ್ಜಿ.

1918 ಅಂದರೆ ಇನ್‌ಫ್ಲುಯೆಂಜಾ ವರ್ಷ. ನಮ್ಮ ದೇಶದಲ್ಲಿ ಒಂದು ಕೋಟಿಗೂ ಮೇಲೆ ಜನ ಸತ್ತರು. ಆ ಜ್ವರ ವಯಸ್ಸಾದವರನ್ನೂ ಮಕ್ಕಳನ್ನೂ ಮಾತ್ರ ತಗೊಂಡು ಹೋಗಲಿಲ್ಲ, ಗಟ್ಟಿಯಾಗಿದ್ದ ಹರೆಯದವರನ್ನೇ ಹೆಚ್ಚು ಹಿಡಿಯಿತು. ಬಸುರಿಯರಿಗಂತೂ ಬಹಳ ಅಪಾಯ. ಹಾಗಾಗಿ ‘ಹೆರಿಗೆಯಲ್ಲಿ’ ಅಂತ ಮನೆಯಲ್ಲಿ ಹೇಳುವುದರ ಹಿಂದೆ ಆ ಜ್ವರವೂ ಇದ್ದಿರಬಹುದು. ಅದಿಲ್ಲದಿದ್ದರೂ ಸೊಂಟ ಇನ್ನೂ ಬೆಳೆಯದ ಹುಡುಗಿಗೆ ಹೆರಿಗೆ ಅಂದರೆ ಪ್ರಾಣದ ಮೇಲೆ ಬರುವಂಥದ್ದೇ, ಹತ್ತಿರದಲ್ಲಿ ಸೂಲಗಿತ್ತಿ ಬಿಟ್ಟರೆ ಬೇರೆ ಯಾರೂ ಇಲ್ಲ.

ನಿಮ್ಮ ಮನೆಯಲ್ಲಿ ಪಕ್ಷಮಾಸದಲ್ಲಿ ಅವಿಧವಾ ನವಮಿ ಮಾಡುತ್ತಾರಾ ಕೇಳಿ. ಗಂಡನಿಗಿಂತ ಮೊದಲು ಹೋದ ಮುತ್ತೈದೆಯರಿಗಾಗಿ ಇರುವ ದಿನ ಅದು. ಎರಡನೆಯವಳಾಗಿ ಬಂದ ಹುಡುಗಿಯೇ ಮೊದಲಿನವಳ ಹೆಸರಲ್ಲಿ ಮುತ್ತೈದೆಗೆ ಅರಿಶಿನ ಕುಂಕುಮ, ಸೀರೆ ಕೊಡುತ್ತಿದ್ದಳು. ಕೆಲವು ಮನೆಗಳಲ್ಲಿ ಮೊದಲಿನವಳ ಹೆಸರಿನದೊಂದು ಸಣ್ಣ ಚಿನ್ನದ ಬಿಲ್ಲೆಯನ್ನು ಕೊರಳಲ್ಲೂ ಹಾಕಿಕೊಳ್ಳುತ್ತಿದ್ದಳು. ಅಜ್ಜಿಯ ಒಡವೆಯಲ್ಲಿ ಅಂಥದ್ದೊಂದು ಬಿಲ್ಲೆ ಇದ್ದರೆ ಕರಗಿಸಬೇಡಿ. ದೊಡ್ಡಜ್ಜಿಯ ನೆನಪಿಗೆ ಮನೆಯಲ್ಲಿ ಉಳಿದಿರುವುದು ಅದೊಂದೇ ಇರಬಹುದು.

ಪ್ರಶ್ನೆ: ನಮ್ಮ ಅಜ್ಜಿಗೆ ಈಗ ತೊಂಬತ್ತೆರಡು. ಹದಿಮೂರಕ್ಕೆ ಮದುವೆ. ಕೇಳಿದರೆ ‘ಏನಿದೆ ಹೇಳೋಕೆ, ಎಲ್ಲಾ ಚೆನ್ನಾಗಿತ್ತು’ ಅಂತ ಮಾತು ಮುಗಿಸಿಬಿಡ್ತಾರೆ. ಹೇಗೆ ಕೇಳಬೇಕು?
(ಬೆಂಗಳೂರಿನ ಓದುಗರು)

ನೀವು ‘ಮದುವೆ ಹೇಗಿತ್ತು ಅಜ್ಜಿ, ಬೇಜಾರಾಯ್ತಾ?’ ಅಂತ ಕೇಳಿರ್ತೀರಿ. ಅದಕ್ಕೆ ಆ ವಯಸ್ಸಿನವರು ಕೊಡುವ ಉತ್ತರ ಇದೇ. ಬೇಜಾರು ಅಂದರೆ ಗಂಡನ ಮನೆಗೆ ಅವಮಾನ, ಸಂತೋಷ ಅಂದರೆ ತವರಿಗೆ ಅವಮಾನ. ಚೆನ್ನಾಗಿತ್ತು ಅಂದುಬಿಟ್ಟರೆ ಯಾರಿಗೂ ನೋವಿಲ್ಲ.

ವಸ್ತುಗಳ ಬಗ್ಗೆ ಕೇಳಿ. ಮೊದಲ ರಾತ್ರಿ ಯಾರ ಪಕ್ಕ ಮಲಗಿದ್ದಿ, ಅತ್ತೆ ಪಕ್ಕವಾ, ನಾದಿನಿ ಪಕ್ಕವಾ. ಆ ಮನೆಯಲ್ಲಿ ಬಾವಿ ಎಷ್ಟು ದೂರ ಇತ್ತು. ಹಸಿವಾದರೆ ಯಾರನ್ನು ಕೇಳ್ತಿದ್ದೆ. ತವರಿಂದ ಪೆಟ್ಟಿಗೆಯಲ್ಲಿ ಏನೇನು ತಂದಿದ್ದೆ. ಹೂವು ಬಿಡಿಸುವಾಗಲೋ, ಸೊಪ್ಪು ಸೋಸುವಾಗಲೋ ಕೇಳಿ, ಎದುರಿಗೆ ಫೋನು ಹಿಡಿದು ಕೂರಬೇಡಿ. ಸುಮ್ಮನಾದರೆ ನೀವೂ ಸುಮ್ಮನಿರಿ. ಮುಂದಿನ ಮಾತು ಅವರೇ ಆಡ್ತಾರೆ, ಕೆಲವು ಸಲ ಅರ್ಧ ಗಂಟೆ ಬಿಟ್ಟು.

ನನ್ನ ಅಜ್ಜಿಯ ಹತ್ತಿರ ನಾನು ವರ್ಷಗಟ್ಟಲೆ ತಪ್ಪು ಪ್ರಶ್ನೆ ಕೇಳಿದೆ. ಒಂದು ದಿನ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಾಗ, ಗಂಡನ ಮನೆಗೆ ಬರುವಾಗ ಏನು ತಂದಿದ್ದಿ ಅಂತ ಸುಮ್ನೆ ಕೇಳಿದೆ. ಕೈಯಲ್ಲಿದ್ದ ಹುಣಸೆಬೀಜ ತೋರಿಸಿದರು. ಅಳಗುಳಿಮಣೆ ಆಡಲು ಸೆರಗಿನ ತುದಿಯಲ್ಲಿ ಒಂದು ಹಿಡಿ ಬೀಜ ಕಟ್ಟಿಕೊಂಡು ಬಂದಿದ್ದರಂತೆ. ಬಂದು ನೋಡಿದರೆ ಆ ಮನೆಯಲ್ಲಿ ಅಳಗುಳಿಮಣೆ ಇರಲಿಲ್ಲ. ‘ಕೇಳೋಕೆ ನಾಚಿಕೆ ಆಯ್ತು ಕಣೇ’ ಅಂದರು. ಬೀಜ ಏನು ಮಾಡಿದೆ ಅಜ್ಜಿ ಅಂದೆ. ಹಿತ್ತಲಲ್ಲಿ ಮಣ್ಣಿಗೆ ಹಾಕಿದೆ, ಒಂದು ಗಿಡ ಬಂತು, ನಿಮ್ಮ ತಾತ ಬೇಲಿಗೆ ಅಡ್ಡ ಅಂತ ಕಡಿಸಿಬಿಟ್ಟರು ಅಂದು, ಮತ್ತೆ ಹಣ್ಣು ಬಿಡಿಸತೊಡಗಿದರು.